ಮೇಯರ್ ಝಾನಾನ ಯಜಮಾನ

ಬಂಡಾಯದವರು ಫೊನಿಕಾಹಾ ನಗರವನ್ನು ಹಿಡಿದ ವಾರದಲ್ಲೇ ಜಿಲ್ಲಾಧಿಕಾರಿ ಓಡಿಹೋದ. ನ್ಯಾಯಾಧೀಶ ಹೆಂಗಸರ ಬಟ್ಟೆ ಉಟ್ಟು, ತಲೆಯ ಮೇಲೆ ಗೆಣಸಿನ ಬುಟ್ಟಿ ಹೊತ್ತು ಓಡಿಹೋದ. ಬ್ಯಾಂಕಿನ ಮ್ಯಾನೇಜರನಂತೂ ಸಾಕಿದ ನಾಯಿಯನ್ನೂ ಕಟ್ಟಿದಲ್ಲೇ ಬಿಟ್ಟು ಪರಾರಿ. ಓಡದೆ ಉಳಿದವನು ಮೇಯರ್ ತುವೊ ಝಾನಾ ಒಬ್ಬನೇ. ಧೈರ್ಯಕ್ಕೆ ಉಳಿದನೋ, ಕುರ್ಚಿಯ ಆಸೆಗೆ ಉಳಿದನೋ ಅಂತ ಊರಲ್ಲಿ ಎರಡು ಪಕ್ಷವಾಯಿತು. ಅವನೇನು ಸಂತನಲ್ಲ ಬಿಡಿ. ಮೂರು ಚುನಾವಣೆಯಲ್ಲೂ ಒಂದೇ ಸೇತುವೆ ತೋರಿಸಿ ಓಟು ಕೇಳಿದ್ದ, ಆ ಸೇತುವೆ ಇವತ್ತಿಗೂ ಇಲ್ಲ. ಆದರೆ ನೀರಿನ ಪಂಪು ನಡೆಸುವುದು ಯಾರು, ಬೀದಿಯಲ್ಲಿ ಬಿದ್ದ ಹೆಣ ಎತ್ತಿಸುವುದು ಯಾರು ಅಂತ ಕೇಳಿದರೆ ಉತ್ತರ ಹೇಳಲು ಊರಲ್ಲಿ ಇನ್ನೊಬ್ಬ ಇರಲಿಲ್ಲ.

ಬಂಡಾಯದ ಕಮಾಂಡರನಿಗೆ ಎಲ್ಲರೂ 'ಗುಡುಗು' ಅಂತಿದ್ದರು. ದೂರದ ಯಾವುದೋ ಊರಿನವನು. ಪುರಸಭೆಯ ಕಟ್ಟಡದಲ್ಲಿ ಅವನು ಕೂತ. ಮೇಯರನ ಮೇಜನ್ನು ಹೊರಗೆ ಮಾವಿನ ಮರದಡಿ ಹಾಕಿಸಿದ. "ನಿನಗೆ ಗಾಳಿ ಚೆನ್ನಾಗಿ ಬರುತ್ತೆ," ಅಂದ. ಝಾನಾ ಅದನ್ನೂ ನುಂಗಿಕೊಂಡ. ಪೇಟೆಯ ಹೆಂಗಸರು ಅವನನ್ನು 'ಬಂಡಾಯದವರ ಪೊರಕೆ' ಅಂತ ಕರೆದರು, ಅದನ್ನೂ ನುಂಗಿಕೊಂಡ. ಅತ್ತ ದರಿ ಇತ್ತ ಪುಲಿ ಅನ್ನುವ ಬಾಳು ಅವನದು.

ಆ ಗುರುವಾರ ಗುಡುಗು ಅವನನ್ನು ಒಳಗೆ ಕರೆಸಿ ಒಂದು ಹಾಳೆ ಮುಂದೆ ಹಿಡಿದ. ನಿವೃತ್ತ ಸರ್ಕಾರಿ ಪೊಲೀಸರ ಪಟ್ಟಿ, ಹನ್ನೆರಡು ಹೆಸರು.

"ನಾಳೆ ಇವರನ್ನ ವಿಚಾರಣೆಗೆ ಕರ್ಕೊಂಡು ಹೋಗ್ತೀವಿ. ಮನೆ ಎಲ್ಲೆಲ್ಲಿ ಅಂತ ಹೇಳು."

ಇಟ್ಟಿಗೆ ಗೂಡಿನ ಹತ್ತಿರ ನಡೆಯುವ ಆ ವಿಚಾರಣೆಯಿಂದ ತಿರುಗಿ ಬಂದವರು ಒಬ್ಬರೂ ಇಲ್ಲ. ಝಾನಾ ಒಂದೊಂದೇ ಹೆಸರು ಓದಿದ. ಕೊನೆಯದು ಲುವಾ ತಿಯಾ. ಅದನ್ನು ಎರಡು ಸಲ ಓದಿದ.

"ವಯಸ್ಸಾದೋರು ಕಮಾಂಡರ್. ಬಂದೂಕು ಎತ್ತೋಕೂ ಕೈ ನಡುಗುತ್ತೆ ಇವರಿಗೆ."

"ನಾನು ಕೇಳಿದ್ದು ಮನೆ."

"ಮನೆ ನನಗೆ ಗೊತ್ತಿಲ್ಲ. ಈ ಕೊನೆಯವನು ಮಾತ್ರ ಗೊತ್ತು. ಊರು ಬಿಟ್ಟು ತಿಂಗಳಾಯ್ತು."

"ಸುಳ್ಳಾದರೆ ಆ ಗೂಡಿನ ಹತ್ರ ನಿನಗೂ ಜಾಗ ಇದೆ," ಅಂದ ಗುಡುಗು, ಹಲ್ಲು ಕಡ್ಡಿ ಆಡಿಸುತ್ತಾ. ಉಳಿದ ಹನ್ನೊಂದು ಮನೆ ತೋರಿಸಲು ಬೇರೆ ಜನ ಇದ್ದರು. ಇಂಥ ಕಾಲಕ್ಕೆ ಅಂಥವರು ಎಲ್ಲ ಊರಲ್ಲೂ ಹುಟ್ಟಿಕೊಳ್ಳುತ್ತಾರೆ.

ತಿಯಾ ಯಾಕೂಬಾ ಕುಲದವನು, ಝಾನಾ ಸೆನುಫೊ. ಈ ಎರಡು ಕುಲಗಳಿಗೆ ಅಜ್ಜಂದಿರ ಕಾಲದಿಂದಲೂ ತಮಾಷೆಯ ನಂಟು. ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಗುಲಾಮ ಅಂತ ಬಯ್ಯಬೇಕು, ಬಯ್ಯಿಸಿಕೊಂಡವನು ಸಿಟ್ಟಾಗಬಾರದು. ಒಬ್ಬರ ರಕ್ತ ಇನ್ನೊಬ್ಬರು ಚೆಲ್ಲುವಂತಿಲ್ಲ, ಒಬ್ಬರ ಮುಂದೆ ಇನ್ನೊಬ್ಬರು ಅಳುವಂತೆಯೂ ಇಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ತಿಯಾ ಪೊಲೀಸ್ ಸಾರ್ಜೆಂಟಾಗಿ ಈ ಊರಿಗೆ ಬಂದಿಳಿದ ದಿನವೇ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿತ್ತು. ಅವತ್ತಿನಿಂದ ಒಂದು ದಿನವೂ ನೆಟ್ಟಗೆ ಮಾತಾಡಿದ್ದಿಲ್ಲ. ಹೆಂಡತಿಗಿಂತ, ಒಡಹುಟ್ಟಿದವರಿಗಿಂತ ಹೆಚ್ಚಾಗಿ ಝಾನಾ ಪ್ರೀತಿಸಿದ್ದು ಆ ಬೊಜ್ಜು ಹೊಟ್ಟೆಯ ಮನುಷ್ಯನನ್ನು. ಅದನ್ನು ಹೇಳುವ ಪದ್ಧತಿ ಇರಲಿಲ್ಲ, ಅಷ್ಟೇ.

ಅದೇ ಸಂಜೆ ಝಾನಾ ಹೋದಾಗ ತಿಯಾ ಹಿತ್ತಲಲ್ಲಿ ಗಿನಿ ಕೋಳಿಗಳಿಗೆ ಜೋಳ ಎರಚುತ್ತಿದ್ದ.

"ಬಾರಯ್ಯ ಗುಲಾಮ. ಯಜಮಾನನ ಕಾಲೊತ್ತೋ ಹೊತ್ತಾಯ್ತು ಅಂತ ಈಗ ನೆನಪಾಯ್ತಾ?"

"ತಿಯಾ, ಇವತ್ತು ಆಟ ಬೇಡ. ನಾಳೆ ಬೆಳಿಗ್ಗೆ ನಿನ್ನ ಜೊತೆ ಕೆಲಸ ಮಾಡಿದೋರನ್ನೆಲ್ಲ ಹಿಡೀತಾರೆ. ಪಟ್ಟೀಲಿ ನಿನ್ನ ಹೆಸರೂ ಇದೆ. ಊರು ಬಿಟ್ಟಿದ್ದಾನೆ ಅಂತ ಸುಳ್ಳು ಹೇಳಿ ಬಂದಿದ್ದೀನಿ. ಈಗಲೇ ಹೊರಡು."

ತಿಯಾ ಅವನ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಗುತ್ತಾ ಹೆಂಡತಿಯನ್ನು ಕೂಗಿದ.

"ಫಿಲೊಮೆನ್! ಬಾರೇ ಇಲ್ಲಿ, ಸೆನುಫೊ ನಾಟಕ ಕಂಪನಿ ಬಂದಿದೆ! ಮುಖ ನೋಡು, ಮುಖ!"

ತಪ್ಪು ಝಾನಾನದೂ ಇತ್ತು. ಎಂಟು ವರ್ಷದ ಹಿಂದೆ ಅವನು ಪುರಸಭೆಯ ಮೊಹರು ಒತ್ತಿ ತಿಯಾನಿಗೊಂದು ಕಾಗದ ಕಳಿಸಿದ್ದ: ಯಾಕೂಬಾ ಜನರ ಗೊರಕೆಯಿಂದ ಊರಿನ ನಿದ್ದೆ ಕೆಟ್ಟಿದೆ, ಆದಕಾರಣ ಗೊರಕೆ ತೆರಿಗೆ ಕಟ್ಟತಕ್ಕದ್ದು ಅಂತ. ತಿಯಾ ಅದನ್ನು ನಂಬಿ, ಎದೆ ತುಂಬ ಪದಕ ಹಾಕಿಕೊಂಡು ಜಿಲ್ಲಾಧಿಕಾರಿಯ ಮುಂದೆ ಹೋಗಿ ಕೂಗಾಡಿ ಬಂದ. ಊರು ಒಂದು ವರ್ಷ ನಕ್ಕಿತು. ಇನ್ನು ಈ ಗುಲಾಮನ ನಾಲಿಗೆಯನ್ನು ಸತ್ತರೂ ನಂಬುವುದಿಲ್ಲ ಅಂತ ತಿಯಾ ಅವತ್ತು ಪೇಟೆಯ ನಡುವೆ ನಿಂತು ಸಾರಿದ್ದ.

"ನನ್ನ ತಾಯಾಣೆ," ಅಂದ ಝಾನಾ.

"ನಿನ್ನ ತಾಯಿ ಮೇಲೆ ಈಗಾಗಲೇ ನಲವತ್ತು ಆಣೆ ಇಟ್ಟಿದ್ದೀಯ ಕಣೋ. ಪಾಪ, ಮುದುಕಿ ಭಾರ ತಡೀಲಾರದೆ ಸತ್ತಿತು."

ಝಾನಾನ ಕಣ್ಣಲ್ಲಿ ನೀರು ಬಂತು. ತಡೆಯಲು ನೋಡಿದ, ಆಗಲಿಲ್ಲ. ಅರವತ್ತರ ಗಂಡಸು ಗಿನಿ ಕೋಳಿಗಳ ನಡುವೆ ನಿಂತು ಮಗುವಿನ ಹಾಗೆ ಅತ್ತ.

ಅದೇ ಮುಳುವಾಯಿತು. ನಂಟಿನವರ ನಡುವೆ ಅಳು ಕೂಡದು ಅಂತ ಕೂಸಿಗೂ ಗೊತ್ತು; ಅತ್ತರೆ ಅದು ನಾಟಕವೇ. ತಿಯಾ ಚಪ್ಪಾಳೆ ತಟ್ಟಿದ. "ಭಲೇ! ಕಣ್ಣೀರು ಬೇರೆ! ಇದನ್ನ ಯಾವ ಚುನಾವಣೇಗೆ ಕಲಿತೆ?"

ಫಿಲೊಮೆನ್ ಬಾಗಿಲಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. "ಎರಡು ದಿನ ನನ್ನ ತಂಗಿ ಮನೇಲಿ ಇದ್ದು ಬರೋಣ ಅಂದ್ರೆ..." ಅಂತ ಮೆಲ್ಲಗೆ ಶುರುಮಾಡಿದಳು.

"ನೀನು ಸುಮ್ನಿರೆ. ನಾನು ಪೆಟ್ಟಿಗೆ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಬೇಕು, ಅಲ್ಲಿ ಅರ್ಧ ಊರನ್ನ ನಿಲ್ಲಿಸಿರ್ತಾನೆ ಇವನು, ನಗೋಕೆ. ಯುದ್ಧ ಶುರುವಾದಾಗಿಂದ ಊರು ನಕ್ಕಿಲ್ಲ ನೋಡು, ಅದಕ್ಕೆ ನಾನು ಬೇಕಾದೆ."

ಅವಳು ಗಂಡನ ಮುಖ ನೋಡಿ, ಝಾನಾನ ಮುಖ ನೋಡಿ, ಒಳಗೆ ಹೋದಳು. ಝಾನಾ ತಿಯಾನ ರಟ್ಟೆ ಹಿಡಿದು ಎಳೆದ. ಎತ್ತಿನಂಥ ಆಳು, ಜಗ್ಗಲಿಲ್ಲ. ಗೋಡೆಯಾಚೆ ಗುಡುಗಿನ ಸಿಪಾಯಿಗಳು ಗಸ್ತು ತಿರುಗುವ ಸದ್ದು ಕೇಳಿಸಿತು. ಗಟ್ಟಿಯಾಗಿ ಕೂಗುವಂತೆಯೂ ಇರಲಿಲ್ಲ.

"ಹಾಳಾಗಿ ಹೋಗು!" ಅಂದು ಝಾನಾ ಹೊರಟ. ಬೆಳಗಾಗುತ್ತಲೇ ಕಾರು ತಂದು, ನಾಲ್ಕು ಜನರ ಕೈಲಿ ಎತ್ತಿಸಿ ಹಾಕಿಕೊಂಡು ಹೋಗುತ್ತೇನೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಅವತ್ತೇ ಹೋಗಬಹುದಿತ್ತು. ಕಾರು ಕಂಡರೆ ಸಿಪಾಯಿಗಳು ತಡೆಯುತ್ತಾರೆ ಅಂತ ಹೆದರಿದ. ನಾಳೆಗೆ ಹಾಕುವುದು ಅವನ ಹಳೆಯ ಚಾಳಿ.

ಬೆಳಿಗ್ಗೆ ಕಾರಿನ ಬಾಗಿಲು ತೆರೆಯುವ ಮೊದಲೇ ಕಮಾಂಡರನ ಜೀಪು ಅವನ ಮನೆ ಮುಂದೆ ನಿಂತಿತ್ತು. "ಹಿಡಿದೋರ ಗುರುತು ಹೇಳಬೇಕಂತೆ, ಹತ್ತು," ಅಂದ ಸಿಪಾಯಿ.

ಮಾವಿನ ಮರದಡಿ ಹನ್ನೊಂದು ಮುದುಕರು ನೆಲದ ಮೇಲೆ ಕೂತಿದ್ದರು. ಒಬ್ಬನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಮರಳುಗಾಡಿನ ಧೂಳು ಗಾಳಿಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಗುಡುಗು ಮೇಯರನ ಕುರ್ಚಿಯಲ್ಲಿ ಕೂತು ಹೆಸರು ಕೂಗುತ್ತಿದ್ದ. ಝಾನಾ ಹೂಂ ಅನ್ನುತ್ತಿದ್ದ. ತಿಯಾ ಮನೆಯಲ್ಲೇ ಇರಲಿ, ಹೊರಗೆ ತಲೆ ಹಾಕದಿರಲಿ, ಅಂತ ಒಳಗೊಳಗೇ ಸತ್ತ ಅಜ್ಜಂದಿರನ್ನೆಲ್ಲ ಬೇಡಿಕೊಳ್ಳುತ್ತಿದ್ದ.

ಆಗ ಪೇಟೆಯ ಕಡೆಯಿಂದ ನಗುವಿನ ಸದ್ದು ಬಂತು.

ತಿಯಾ ಬರುತ್ತಿದ್ದ. ಮೈಮೇಲೆ ಹಳೆಯ ಸಾರ್ಜೆಂಟ್ ಸಮವಸ್ತ್ರ. ಹೊಟ್ಟೆಗೆ ಗುಂಡಿ ಕೂಡದೆ ಹಗ್ಗ ಬಿಗಿದಿದ್ದ. ತಲೆಯ ಮೇಲೆ ತಗಡಿನ ಪೆಟ್ಟಿಗೆ. ಹಿಂದೆ ಪೇಟೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾ ಬರುತ್ತಿದ್ದರು. ಗೆಳೆಯನ ನಾಟಕಕ್ಕೆ ತನ್ನದೂ ಒಂದು ನಾಟಕ ಅಂತ ಅವನು ರಾತ್ರಿಯೆಲ್ಲ ಹೊಂಚು ಹಾಕಿದ್ದನೇನೋ.

"ಎಲೈ ಗುಲಾಮ ಮೇಯರ್!" ಅಂತ ದೂರದಿಂದಲೇ ಕೂಗಿದ. "ಯಜಮಾನ ಹೊರಟು ನಿಂತಿದ್ದಾನೆ. ಪೆಟ್ಟಿಗೆ ಹೊರೋರು ಯಾರಯ್ಯಾ?"

ಹೆಂಗಸರ ನಗು ಮೊದಲು ನಿಂತಿತು. ಆಮೇಲೆ ತಿಯಾ ನೆಲದ ಮೇಲೆ ಕೂತಿದ್ದವರನ್ನು ಕಂಡ. ಹನ್ನೊಂದೂ ಜನ ಅವನ ಜೊತೆ ಕವಾಯತು ಮಾಡಿದವರು. ಅವನ ಕಣ್ಣು ಅವರ ಮೇಲಿಂದ ಝಾನಾನ ಮುಖದ ಮೇಲೆ ಬಂದು ನಿಂತಿತು. ಆ ನೋಟವನ್ನು ಯಾವ ವೈರಿಗೂ ಕೊಡಬೇಡಪ್ಪ ದೇವರೇ. ನಿನ್ನೆಯ ಒಂದೊಂದು ಮಾತೂ ನಿಜ ಅಂತ ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು.

"ಯಾರಿವನು?" ಅಂದ ಗುಡುಗು. ಪಕ್ಕದಲ್ಲಿದ್ದವನು ಪಟ್ಟಿ ನೋಡಿ ಹೆಸರು ಹೇಳಿದ. "ಏನು ಮೇಯರ್, ಊರು ಬಿಟ್ಟಿದ್ದಾನೆ ಅಂದೆಯಲ್ಲ?"

ಝಾನಾ ಬಾಯಿ ತೆರೆದ. ಏನು ಹೇಳಲು ತೆರೆದನೋ ಅವನಿಗೇ ಗೊತ್ತಿಲ್ಲ. ಅದನ್ನು ಅವನು ಆಮೇಲೆ ಬದುಕಿದ್ದಷ್ಟು ದಿನವೂ ಕೇಳಿಕೊಂಡ. ತಿಯಾ ಅವನಿಗೆ ಅವಕಾಶವನ್ನೇ ಕೊಡಲಿಲ್ಲ.

"ಇವನನ್ನ ಏನು ಕೇಳ್ತೀರಿ ಕಮಾಂಡರ್!" ಅಂತ ನಕ್ಕುಬಿಟ್ಟ. "ಊರಿಗೆ ಹೋಗ್ತೀನಿ ಅಂತ ಹೇಳಿ ಇವನ ಕಿವಿಗೆ ಹೂವಿಟ್ಟಿದ್ದೆ. ನಿನ್ನೆ ವಾಪಸ್ ಬಂದೆ. ಯಜಮಾನ ಎಲ್ಲಿದ್ದಾನೆ ಅಂತ ತಿಳ್ಕೊಳ್ಳೋ ಬುದ್ಧಿ ಯಾವ ಸೆನುಫೊಗೆ ಇದೆ, ಹೇಳಿ!"

ಸಿಪಾಯಿಗಳಲ್ಲಿ ಮುಕ್ಕಾಲು ಜನ ಸೆನುಫೊ ಹುಡುಗರು. ಅಭ್ಯಾಸಬಲ, ನಕ್ಕುಬಿಟ್ಟರು. ಗುಡುಗಿಗೂ ನಗು ಬಂತು. "ಬೆಪ್ಪ," ಅಂದ ಮೇಯರನಿಗೆ.

ತಿಯಾ ಪೆಟ್ಟಿಗೆ ಇಳಿಸಿ, ಮಂಡಿ ಹಿಡಿದುಕೊಂಡು ಹನ್ನೆರಡನೆಯವನಾಗಿ ಕೂತ. ಮತ್ತೆ ಝಾನಾನ ಕಡೆ ನೋಡಲಿಲ್ಲ. ಝಾನಾ ಸುಮ್ಮನೆ ನಿಂತಿದ್ದ. ನಿಜ ಹೇಳಲು ಒಂದೇ ಒಂದು ಮಾತು ಸಾಕಾಗಿತ್ತು, ಆ ಮಾತಿಗೆ ತನ್ನ ತಲೆಯೂ ಹೋಗುತ್ತಿತ್ತು. ಲಾರಿ ಬಂತು, ಹತ್ತಿಸಿದರು, ಹೋಯಿತು. ಮಧ್ಯಾಹ್ನ ಅವನು ಗುಡುಗಿನ ಕಾಲಿಗೆ ಬಿದ್ದ. "ವಿಚಾರಣೆ ಮುಗೀತಲ್ಲ," ಅಂದ ಗುಡುಗು. ನಾಲ್ಕನೆಯ ದಿನ, ಪಂಪು ನಿಲ್ಲಿಸುತ್ತೇನೆ ಅಂತ ಮೇಯರ್ ಹಟ ಹಿಡಿದ ಮೇಲೆ, ಹೆಣಗಳನ್ನು ಕೊಟ್ಟರು. ಮೊದಲೇ ಪಂಪಿನ ಮಾತು ಎತ್ತಿದ್ದರೆ ಅಂತ ಅವನ ಹೆಂಡತಿ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ತಿಯಾನ ಬೆಟ್ಟದ ಊರಿಗೆ ದಾರಿ ಕಡಿದುಹೋಗಿತ್ತು. ಇಲ್ಲೇ ಮಣ್ಣು ಮಾಡಬೇಕಾಯಿತು. ಊರಿಗೆ ಊರೇ ಬಂತು. ನಾಲ್ಕು ಸಿಪಾಯಿಗಳೂ ಕಾವಲಿಗೆ ಬಂದು ಗೋಡೆಗೊರಗಿ ನಿಂತರು. ಯಾಕೂಬಾ ಸತ್ತರೆ ಸೆನುಫೊ ನಂಟ ಬರಬೇಕು, ಹೆಣವನ್ನು ಅಡ್ಡಗಟ್ಟಬೇಕು, ಸತ್ತವನ ಮಾನ ಹರಾಜು ಹಾಕಬೇಕು, ಜನ ಅಳುವುದನ್ನು ಬಿಟ್ಟು ನಗಬೇಕು. ಕೋಲಾ ಕಾಯಿ ಕೊಟ್ಟು ರಮಿಸುವವರೆಗೂ ಅವನು ದಾರಿ ಬಿಡಬಾರದು. ಹಾಗೆ ನಡೆಯದಿದ್ದರೆ ಸತ್ತವನಿಗೆ ಬಂಧುವೇ ಇರಲಿಲ್ಲ ಅಂತ ಅರ್ಥ. ಎಲ್ಲರೂ ಮೇಯರನನ್ನೇ ನೋಡುತ್ತಿದ್ದರು.

ಝಾನಾ ಮುಂದೆ ಬಂದ. ತೋಡಿದ ಗುಂಡಿಗೆ ಇಳಿದ, ಇಳಿದು ಉದ್ದಕ್ಕೆ ಮಲಗಿಬಿಟ್ಟ. ಜನ ಹುರುಪಿನಿಂದ ಹತ್ತಿರ ಬಂದರು. ಒಳ್ಳೆಯ ಆರಂಭವೇ ಆಗಿತ್ತು.

"ಏಳಯ್ಯಾ ಗುಲಾಮ, ಅದು ಯಜಮಾನನ ಹಾಸಿಗೆ!" ಅಂದ ಯಾರೋ ಒಬ್ಬ.

ಫಿಲೊಮೆನ್ ಬಗ್ಗಿ ಕೋಲಾ ಕಾಯಿ ಚಾಚಿದಳು. ಝಾನಾ ತೆಗೆದುಕೊಳ್ಳಲಿಲ್ಲ.

"ಇವನು ಸುಳ್ಳ!" ಅಂತ ಗುಂಡಿಯೊಳಗಿಂದ ಕೂಗಿದ. "ಮಾವಿನ ಮರದ ಕೆಳಗೆ ಇವನು ಹೇಳಿದ್ದೆಲ್ಲ ಸುಳ್ಳು! ಇವನು ಊರು ಬಿಟ್ಟೇ ಇರಲಿಲ್ಲ. ಕಮಾಂಡರಿಗೆ ಸುಳ್ಳು ಹೇಳಿದವನು ನಾನು. ಕೇಳಿಸ್ತಾ ಸಿಪಾಯಿಗಳೇ, ನಾನು! ಇವನನ್ನ ಕೊಟ್ಟು ನನ್ನ ತಲೆ ಉಳಿಸ್ಕೊಂಡೆ. ಬನ್ನಿ, ಹಿಡೀರಿ ನನ್ನ!"

ಜನ ಸಿಪಾಯಿಗಳ ಕಡೆ ತಿರುಗಿದರು. ಆಮೇಲೆ ಒಬ್ಬ ಸಿಪಾಯಿ ತೊಡೆ ತಟ್ಟಿಕೊಂಡು ನಕ್ಕ. ಅವನ ಹಿಂದೆಯೇ ಊರೆಲ್ಲ ನಕ್ಕಿತು. "ಭಲೇ ಮೇಯರ್!" "ಸತ್ತವನಿಗೇ ಸುಳ್ಳ ಅಂತಾನಲ್ಲಪ್ಪಾ!" ಮೂರು ತಿಂಗಳಿಂದ ಮನಸಾರೆ ನಗದಿದ್ದ ಜನ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ನಿಜ ಕಣ್ರೋ! ನಿಜ ಹೇಳ್ತಿದ್ದೀನಿ!" ಅಂತ ಝಾನಾ ಅರಚಿದ. ನಗು ಇನ್ನೂ ಜೋರಾಯಿತು. ಮುದುಕಿಯೊಬ್ಬಳು ಪಕ್ಕೆ ಹಿಡಿದುಕೊಂಡು ಕೂತುಬಿಟ್ಟಳು.

ಫಿಲೊಮೆನ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ನಿಜ ಅಂತ ನಂಗೆ ಅವತ್ತೇ ಗೊತ್ತಾಗಿತ್ತು ಝಾನಾ. ನೀನು ಅತ್ತಾಗಲೇ. ನಾನೂ ಬಾಯಿ ಮುಚ್ಕೊಂಡು ಒಳಗೆ ಹೋದೆ."

ಅವನು ಅವಳ ಮುಖ ನೋಡಿದ. ಮೇಲೆ ಜನ ಇನ್ನೂ ನಗುತ್ತಲೇ ಇದ್ದರು.

"ಏಳು," ಅಂದಳು ಅವಳು, ಕೈ ಚಾಚಿ. "ಮಣ್ಣು ಹಾಕೋರು ಕಾಯ್ತಿದ್ದಾರೆ."