ಮೆತ್ತಗಿನ ಮಣ್ಣು

ಬೇಯಿಸಿದ ಗೆಣಸಿನೊಳಗೆ ಕಡ್ಡಿ ಇಳಿದಂತೆ ಕಬ್ಬಿಣದ ಸರಳು ನೆಲದೊಳಗೆ ಇಳಿಯಿತು. ಒಂದು ಗೇಣಿಗೆ ಒಥಾ ಕೈ ತಡೆದ. ತಲೆಯ ಮೇಲಿನ ಟೋಪಿ ತೆಗೆದು ತಾಯಿಯ ಕಡೆ ತಿರುಗಿದ.

“ಅಮ್ಮಾ, ಇಲ್ಲಿ ಯಾರೋ ಇದ್ದಾರೆ.”

ಅರ್ನೆಸ್ಟೀನ್ ಮರದಡಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬೆಳಗಿನ ಏಳು ಗಂಟೆಗೇ ಚರ್ಚಿನ ಟೋಪಿ ಧರಿಸಿ ಬಂದಿದ್ದಳು. ಅದರ ನೇರಳೆ ರಿಬ್ಬನ್ನಿನ ಮೇಲೆ ಮಂಜು ಸಣ್ಣ ಸಣ್ಣ ಹನಿಯಾಗಿ ಕೂತಿತ್ತು.

“ಯಾರಿರ್ತಾರೆ? ಅದು ನಮ್ಮಕ್ಕನ ಜಾಗ. ಮೂವತ್ತು ವರ್ಷದಿಂದ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದಾಳೆ. ಸರಿಯಾಗಿ ನೋಡು.”

ಒಥಾ ಮತ್ತೆ ನೋಡಿದ. ತಲೆ ಬರುವ ಕಡೆ, ನಡುವೆ, ಕಾಲು ಬರುವ ಕಡೆ. ಎಲ್ಲ ಕಡೆಯೂ ಮೆತ್ತಗೆ. ಪಡುವಣಕ್ಕೆ ತಲೆ, ಮೂಡಣಕ್ಕೆ ಕಾಲು, ಒಬ್ಬ ಮನುಷ್ಯನ ಉದ್ದ. ತಲೆಯ ಆಚೆ, ಕಾಲಿನ ಆಚೆ ಒತ್ತಿದರೆ ಜಾರ್ಜಿಯಾದ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಸರಳನ್ನು ವಾಪಸು ಕಳಿಸುತ್ತಿತ್ತು.

“ಒಂದು ಸಲ ಅಗೆದ ನೆಲ ಮತ್ತೆ ಮೊದಲಿನ ಹಾಗೆ ಬಿಗಿಯಾಗಲ್ಲ ಅಂತ ದೊಡ್ಡಮ್ಮನೇ ಹೇಳಿಕೊಟ್ಟಿದ್ದು,” ಎಂದ ಒಥಾ. “ಮಲಗಿರೋರ ಮೇಲೆ ನಾನು ಗುದ್ದಲಿ ಹಾಕಲ್ಲ ಅಮ್ಮಾ. ಹಾಕಿದರೆ ಅವಳೇ ಪೆಟ್ಟಿಗೆಯಿಂದ ಎದ್ದು ಬಂದು ಕೆನ್ನೆಗೆ ಬಾರಿಸ್ತಾಳೆ.”

ಎರಡು ಗಂಟೆಗೆ ಅವನ ದೊಡ್ಡಮ್ಮ ವರ್ಡೆಲ್‌ಳ ಶವಪೆಟ್ಟಿಗೆ ಚರ್ಚಿನಿಂದ ಹೊರಡಬೇಕಿತ್ತು. ಇಲ್ಲಿ ಮನೆತನದ ಹಿರಿಯಜ್ಜಿ ಡೈನಾ ಪಕ್ಕದಲ್ಲಿ ಜಾಗವಿಲ್ಲವೆಂದರೆ ಅವಳನ್ನು ಪಟ್ಟಣದ ಸ್ಮಶಾನಕ್ಕೆ ಒಯ್ಯಬೇಕು. ಅಲ್ಲಿ ಅವಳಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ.

“ಪಟ್ಟಣವೇನು ಕೆಟ್ಟದ್ದಲ್ಲ,” ಎಂದಳು ಅರ್ನೆಸ್ಟೀನ್. “ನನ್ನನ್ನಂತೂ ಅಲ್ಲೇ ಮಣ್ಣು ಮಾಡು. ಹುಲ್ಲು ಕತ್ತರಿಸೋಕೆ ಮಿಷನ್ನು ಬರುತ್ತೆ. ಈ ಕಾಡಲ್ಲಿ ಹಾವಿನ ಜೊತೆ ಮಲಗೋಕೆ ನಾನೇನು ನಮ್ಮಕ್ಕನೇ?” ಹಾಗೆಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಆದರೆ ಯಾರಿಗೂ ಮಾಡಲಿಲ್ಲ.

*

ಬ್ರಾಡ್‌ನಾಕ್ಸ್ ಹತ್ತಿ ತೋಟದ ಯಜಮಾನರು ಕಬ್ಬಿಣದ ಬೇಲಿಯೊಳಗೆ, ಅಮೃತಶಿಲೆಯ ಕೆಳಗೆ, ಹೆಸರು ತಾರೀಖಿನ ಸಮೇತ ಮಲಗಿದ್ದರು. ಅವರು ಗುಲಾಮರಾಗಿ ಕೊಂಡಿದ್ದ ಜನ ಬೇಲಿಯ ಹೊರಗೆ, ಇಳಿಜಾರಿನಲ್ಲಿ, ಹೆಸರಿಲ್ಲದ ಕಾಡುಕಲ್ಲುಗಳ ಕೆಳಗೆ. ಅವರ ಮೇಲೆ ನೀಲಿ ಹೂವಿನ ಬಳ್ಳಿ ಒಂದೇ ಹೊದಿಕೆಯಂತೆ ಹಬ್ಬಿತ್ತು.

ವರ್ಡೆಲ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ವಾರವಿಡೀ ಮುನ್ನೂರು ಮಕ್ಕಳಿಗೆ ಬಡಿಸಿ, ಶನಿವಾರ ಇಲ್ಲಿಗೆ ಬರುತ್ತಿದ್ದಳು. ಸರಳು ಒತ್ತಿ ನೋಡುವುದು, ಮೆತ್ತಗಿದ್ದರೆ ಕಡ್ಡಿ ನೆಟ್ಟು ಅದಕ್ಕೆ ಹಳೆಯ ಏಪ್ರನ್ನಿನ ಒಂದು ಪಟ್ಟಿ ಕಟ್ಟುವುದು, ಪುಸ್ತಕದಲ್ಲಿ ಬರೆಯುವುದು. ಹೆಸರು ಸಿಕ್ಕರೆ ಹೆಸರು. ಸಿಗದಿದ್ದರೆ ‘ಒಬ್ಬ ತಾಯಿ, ಪಕ್ಕದಲ್ಲಿ ಚಿಕ್ಕದು’. ಸಾಲಿನ ಕೊನೆಯಲ್ಲಿ, ನೀಲಿ ತಟ್ಟೆಯ ಚೂರಿರುವ ಕಡೆ ಮಲಗಿರುವವಳು ಡೈನಾ, ನಿಮ್ಮಜ್ಜಿಯ ಅಜ್ಜಿ ಎಂದು ಅವಳಿಗೆ ತೋರಿಸಿದವನು ಊರಿನ ಹಳಬ, ಮುದುಕ ಪರ್ವಿಸ್.

“ಗೇಣಿಗಿಂತ ಹೆಚ್ಚು ಇಳಿಸಬೇಡ,” ಎಂದು ವರ್ಡೆಲ್ ಒಥಾನಿಗೆ ಹೇಳುತ್ತಿದ್ದಳು. “ನಿದ್ದೆ ಮಾಡ್ತಿರೋರನ್ನ ಚುಚ್ಚಬಾರದು. ಬಾಗಿಲು ತಟ್ಟಿದ ಹಾಗೆ ತಟ್ಟು, ಸಾಕು.”

ಒಂಬತ್ತು ವರ್ಷದ ಹಿಂದೆ ಪರ್ವಿಸ್ ಸತ್ತಾಗ ಒಥಾ ಅವನಿಗೆ ಇಲ್ಲೇ ಗುಂಡಿ ತೋಡಿದ. ಸಮಾಧಿಗಳ ನಡುವೆ ಯಂತ್ರ ತರುವ ಹಾಗಿರಲಿಲ್ಲ. ಆಗಸ್ಟಿನ ಬಿಸಿಲಲ್ಲಿ ಎರಡು ದಿನ ಅಗೆದ. ಎರಡನೆಯ ಸಂಜೆ ಅವನ ಬಲಭುಜದಲ್ಲಿ ಏನೋ ಹರಿಯಿತು. ಮರುದಿನ ಪೆಟ್ಟಿಗೆ ಹೊರುವವರ ಸಾಲಿನಲ್ಲಿ ನಿಲ್ಲಲಾರದೆ ಮರಕ್ಕೆ ಒರಗಿದ್ದ. ವರ್ಡೆಲ್ ಅವನನ್ನು ಕೂರಿಸಿಕೊಂಡಳು. ಭುಜಕ್ಕೆ ಎಣ್ಣೆ ತಿಕ್ಕುತ್ತ ತುಂಬಾ ಹೊತ್ತು ಆ ಕೆಂಪು ನೆಲವನ್ನೇ ನೋಡುತ್ತಿದ್ದಳು.

*

ಮಂಜಿನೊಳಗಿಂದ ಮೊದಲು ಊರುಗೋಲು ಬಂತು, ಆಮೇಲೆ ಮಿಸ್ ಲವಿನಿಯಾ ಬ್ರಾಡ್‌ನಾಕ್ಸ್. ಎಂಬತ್ನಾಲ್ಕು ವರ್ಷ. ತೋಟ ಈಗ ಅವಳದು. ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಕೇಕು.

“ಇನ್ನೂ ಶುರು ಮಾಡಿಲ್ವಾ?”

“ಜಾಗ ಖಾಲಿ ಇಲ್ಲ ಮಿಸ್ ಲವಿನಿಯಾ,” ಎಂದಳು ಅರ್ನೆಸ್ಟೀನ್. “ಯಾರೋ ಮೊದಲೇ ಬಂದು ಮಲಗಿದಾರೆ.”

ಮುದುಕಿ ಹತ್ತಿರ ಬಂದು, ಬಾಗಿ, ಊರುಗೋಲಿನ ತುದಿಯಿಂದ ಬಳ್ಳಿಯನ್ನು ಸರಿಸಿದಳು.

“ಇದು ವರ್ಡೆಲ್ ಎಲೆ ಹಾಕ್ತಿದ್ದ ಜಾಗ ಅಲ್ವಾ?”

“ಎಂಥ ಎಲೆ?”

“ಪ್ರತಿ ನವೆಂಬರಿಗೂ ನನ್ನ ಓಕ್ ಮರದ ಎಲೆ ಕೇಳೋಳು. ನಾನು ಗುಡಿಸಿ ಚೀಲ ಕಟ್ಟಿ ಗೇಟಿನ ಹತ್ತಿರ ಇಡ್ತಿದ್ದೆ. ಕಿಟಕಿಯಿಂದ ನೋಡಿದರೆ ಮೊಣಕಾಲೂರಿ ಅಗೀತಾ ಇರೋಳು. ಒಂದು ವರ್ಷ ಈ ತುದಿ, ಒಂದು ವರ್ಷ ಆ ತುದಿ. ಹೂವಿನ ಗೆಡ್ಡೆ ನೆಡ್ತಿದಾಳೆ ಅಂದುಕೊಂಡಿದ್ದೆ. ಒಂದು ಹೂವೂ ಬರಲಿಲ್ಲ. ಪಾಪ, ಕೇಳಿ ನೋಯಿಸೋದು ಬೇಡ ಅಂತ ಸುಮ್ಮನಿದ್ದೆ.”

ಒಥಾ ಮೊಣಕಾಲೂರಿದ. ಗುದ್ದಲಿ ಮುಟ್ಟದೆ, ಬರಿಗೈಯನ್ನೇ ನೆಲದೊಳಗೆ ಇಳಿಸಿದ. ಮೊಣಕೈವರೆಗೂ ಹೋಯಿತು. ಹಿಡಿ ತುಂಬ ಬಂದದ್ದು ಕಪ್ಪು ಮಣ್ಣು, ಮರಳು, ಅರ್ಧ ಕೊಳೆತ ಎಲೆ. ಅದರ ನಡುವೆ ಹೋದ ವರ್ಷದ ಒಂದು ಓಕ್ ಎಲೆ ಇನ್ನೂ ಇಡಿಯಾಗಿತ್ತು.

ಎರಡಡಿ ಕೆಳಗೆ ಅವನ ಬೆರಳಿಗೆ ಲೋಹ ತಾಗಿತು. ಎಳೆದ. ಶಾಲೆಯ ಅಡುಗೆಮನೆಯ ಬಡಿಸುವ ಸೌಟು, ಅಂಚು ಸವೆದು ಓರೆಯಾಗಿತ್ತು.

“ಒಂಬತ್ತು ವರ್ಷ,” ಎಂದ ಒಥಾ. ಎಡಗೈಯಿಂದ ಬಲಭುಜವನ್ನು ಹಿಡಿದುಕೊಂಡ.

“ಹುಚ್ಚಿ,” ಎಂದಳು ಅರ್ನೆಸ್ಟೀನ್. “ಎಂಬತ್ತು ವರ್ಷದ ಹುಚ್ಚಿ. ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದರೆ ನೀನು ಬಿಡ್ತಿದ್ದೆಯಾ?” ಎಂದಳು ಮಿಸ್ ಲವಿನಿಯಾ. ಕೇಕನ್ನು ಅರ್ನೆಸ್ಟೀನಳ ಕೈಗಿಟ್ಟು, ಅವಳು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಸಾವಕಾಶವಾಗಿ ಕೂತು, ಒಥಾ ಅಗೆಯುವುದನ್ನು ನೋಡಿದಳು. ಮಂಜು ಕರಗುವವರೆಗೂ ಅಲ್ಲೇ ಇದ್ದಳು.

ಸೊಂಟದ ಆಳದವರೆಗೆ ಮಣ್ಣು ತಾನಾಗಿಯೇ ಎದ್ದು ಬಂದಂತೆ ಬಂತು. ಕೊನೆಯ ಎರಡಡಿ ಮಾತ್ರ ಹಳೆಯ ಕೆಂಪು ನೆಲ. ಹನ್ನೊಂದು ಗಂಟೆಗೆ ಕೆಲಸ ಮುಗಿದಿತ್ತು.

*

“ಅಕ್ಕಾ, ಇಲ್ಲಿರೋರೆಲ್ಲ ಸತ್ತು ನೂರೈವತ್ತು ವರ್ಷ ಆಯ್ತು. ನೀನು ಬಂದೆ ಅಂತ ಅವರಿಗೆ ಗೊತ್ತಾಗುತ್ತಾ?” ಎಂದು ಅರ್ನೆಸ್ಟೀನ್ ಒಮ್ಮೆ ಕೇಳಿದ್ದಳು.

ವರ್ಡೆಲ್ ನೂರ ನಲವತ್ತಮೂರನೆಯ ಪಟ್ಟಿ ಕಟ್ಟುತ್ತಿದ್ದಳು. ಆವತ್ತು ಗಾಳಿಯಿತ್ತು, ಇಳಿಜಾರಿನುದ್ದಕ್ಕೂ ಬಿಳಿ ಪಟ್ಟಿಗಳು ಒಟ್ಟಿಗೆ ಎದ್ದು ಒಟ್ಟಿಗೆ ಮಲಗುತ್ತಿದ್ದವು.

“ಊಟಕ್ಕೆ ಬಂದ ಮಕ್ಕಳನ್ನ ಹೆಸರು ಹಿಡಿದು ಕರೆದರೆ ಸಾಲಲ್ಲಿ ನೇರವಾಗಿ ನಿಲ್ಲೋವು,” ಎಂದಳು. “ಅಷ್ಟೇ ನನಗೆ ಗೊತ್ತಿರೋದು.”

*

ಎರಡೂಕಾಲಿಗೆ ಪೆಟ್ಟಿಗೆ ಬಂತು. ಹೊತ್ತವರಲ್ಲಿ ಒಥಾನೂ ಇದ್ದ, ಎಡಭುಜ ಕೊಟ್ಟು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರಿನ ಒಂದು ಗುರುತೂ ಇರಲಿಲ್ಲ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಜನ ಹಾಡಿದರು. ಆಮೇಲೆ ಚರ್ಚಿನ ಹಾಲ್‌ನಲ್ಲಿ ಊಟ ಕಾಯುತ್ತಿದೆಯೆಂದು ಒಬ್ಬೊಬ್ಬರಾಗಿ ಇಳಿಜಾರು ಇಳಿದು ಹೋದರು.

ತಾಯಿ ಮಗ ಉಳಿದರು. ಸುತ್ತಲ ಕೆಂಪು ನೆಲದ ನಡುವೆ ವರ್ಡೆಲ್‌ಳ ಗುಡ್ಡೆ ಮಾತ್ರ ಕಪ್ಪಗಿತ್ತು. ಅರ್ನೆಸ್ಟೀನ್ ಚೀಲದಿಂದ ಅಕ್ಕ ಕೊನೆಯ ಸಲ ಕಾಫಿ ಕುಡಿದ ಕಪ್ಪನ್ನು ತೆಗೆದು, ಹಿರಿಯರು ಮಾಡುತ್ತಿದ್ದಂತೆ ಅದರ ತಳವನ್ನು ಕಲ್ಲಿಗೆ ತಟ್ಟಿ ಒಡೆದು, ತಲೆಯ ಕಡೆ ಇಟ್ಟಳು.

“ನಡಿ. ಕೋಳಿ ತಣ್ಣಗಾಗುತ್ತೆ.”

ಕುರ್ಚಿ ಮಡಚಲು ಕೈ ಖಾಲಿ ಬೇಕಾಗಿತ್ತು. ಒಥಾ ಸರಳನ್ನು ಸುಮ್ಮನೆ ಪಕ್ಕದ ನೆಲಕ್ಕೆ ಊರಿದ, ವರ್ಡೆಲ್‌ಳ ಆಚೆ ಬದಿಗೆ, ಸಾಲು ಮುಗಿದ ಮೇಲಿನ ಖಾಲಿ ಜಾಗದಲ್ಲಿ.

ಸರಳು ಇಳಿಯಿತು. ಒಂದು ಗೇಣು ಇಳಿದು, ಗಟ್ಟಿ ಕೆಂಪು ಮಣ್ಣಿಗೆ ತಾಗಿ ನಿಂತಿತು.

ಒಥಾ ಬಳ್ಳಿ ಸರಿಸಿ ನೋಡಿದ. ಕಪ್ಪು ಮಣ್ಣು, ಮರಳು, ಇನ್ನೂ ಬಣ್ಣ ಕಳೆದುಕೊಳ್ಳದ ಎಲೆಗಳು. ಅವನು ತಾಯಿಯ ಮುಖ ನೋಡಿದ.

“ನಾನು ಇಲ್ಲಿಗೆ ಬರಲ್ಲ ಅಂತ ಸಾವಿರ ಸಲ ಹೇಳಿದ್ದೆ,” ಎಂದಳು ಅರ್ನೆಸ್ಟೀನ್. “ಅವಳು ಯಾವತ್ತು ನನ್ನ ಮಾತು ಕೇಳಿದಾಳೆ?”

ಒಥಾ ಸರಳು ಕೀಳಲು ಬಗ್ಗಿದ.

“ಇರಲಿ ಬಿಡು.”

ಅವಳು ಟೋಪಿ ತೆಗೆದು, ಸುತ್ತಲಿನ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ, ನೇರಳೆ ರಿಬ್ಬನ್ನನ್ನು ಎಳೆದುಕೊಂಡಳು. ಸರಳಿನ ಹಿಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಇಬ್ಬರೂ ಗೇಟು ದಾಟುವ ಹೊತ್ತಿಗೆ ಗಾಳಿ ಎದ್ದಿತ್ತು. ಇಳಿಜಾರಿನುದ್ದಕ್ಕೂ ಬಿಳಿ ಪಟ್ಟಿಗಳು ಎದ್ದವು, ಅವುಗಳ ಸಾಲಿನ ಕೊನೆಯಲ್ಲಿ ಒಂದು ನೇರಳೆಯೂ.