ಮರಲಿಂಡಾ ಹಡಗಿನ ಮೊಮ್ಮಗಳು

"ಏ ಪ್ರಫುಲ್ಲಾ, ಪರದೆ ಹಿಂದೇನೇ ಸಾಯಿ! ಎಷ್ಟು ಸೋಪ್ ಹಚ್ಚಿದ್ರೂ ನಿಮ್ಮ ಜನದ ಮೀನು ನಾತ ಹೋಗಲ್ಲ. ಗೆಸ್ಟ್ ಕಣ್ಣಿಗೆ ಬಿದ್ರೆ ನಿನ್ನ ವೀಸಾ ಸ್ಪಾನ್ಸರ್‌ಶಿಪ್ ಕ್ಯಾನ್ಸಲ್!"

ಕೇಟರಿಂಗ್ ಮಾಲೀಕ ಗೋಪೀನಾಥ ಉಗಿದು, ಮುಖಕ್ಕೆ ನಗು ಬಳಿದುಕೊಂಡು ಹಾಲ್‌ಗೆ ನಡೆದ.

"ಭಾಡ್ಯಾ!" ಎಂದ ತಪ್ಪಲೆ ಉಜ್ಜುತ್ತಿದ್ದ ಹುಬ್ಬಳ್ಳಿಯ ಕಲ್ಲಯ್ಯ. "ನೀ ಮಾಡಿದ ಸಾರು ತೋರಿಸಿ, ನಮ್ಮವ್ವನ ಕೈರುಚಿ ಅಂತ ಹೇಳ್ಕೋತ ಅಡ್ಡಾಡ್ಲಿಕತ್ಯಾನ ನೋಡ ಅಕ್ಕಾ."

ಪ್ರಫುಲ್ಲಾ ನಕ್ಕಳು. ಅಳುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಮಗಳು ನಿರೀಕ್ಷಾಳ ಶಾಲೆ, ಸಿಡ್ನಿ ಹೊರವಲಯದ ದಿ ಪಾಂಡ್ಸ್‌ನಲ್ಲಿನ ಬಾಡಿಗೆ ಕೋಣೆ, ಎಲ್ಲವೂ ಆ ಸ್ಪಾನ್ಸರ್‌ಶಿಪ್ಪಿಗೇ ಜೋತುಬಿದ್ದಿದ್ದವು.

ಪರದೆಯ ಸಂದಿಯಿಂದ ಇಣುಕಿದಳು. ಸಿಡ್ನಿ ಬಂದರಿನ ಹಳೆಯ ಉಗ್ರಾಣದಲ್ಲಿ ಹಡಗೊಂದರ ನೆನಪಿಗೆ ಮಧ್ಯಾಹ್ನದ ಔತಣ. ಗೋಡೆಯ ಮೇಲೆ ಒಂದೇ ಹಡಗಿನ ಎರಡು ಚಿತ್ರಗಳು. ಒಂದರಲ್ಲಿ ಹಂಸದಂತೆ ಬೆಳ್ಳಗೆ, ಒಳಗೆ ಶ್ರೀಮಂತರ ಕುಣಿತ. ಇನ್ನೊಂದರಲ್ಲಿ ಮೈತುಂಬ ಬೂದು ಬಣ್ಣ, ಕುಣಿತದ ಹಾಲ್‌ನಲ್ಲಿ ಯುದ್ಧಕ್ಕೆ ಹೊರಟ ಸಿಪಾಯಿಗಳ ತೂಗುಹಾಸಿಗೆಗಳು. ಕೆಳಗಿದ್ದ ಹೆಸರನ್ನು ಓದಿದವಳೇ ಬೆಚ್ಚಿಬಿದ್ದಳು: ಮರಲಿಂಡಾ.

ಅವಳ ಅಜ್ಜ ಶೀನ ಮಲ್ಪೆಯಲ್ಲಿ ತನ್ನ ದೋಣಿಗೆ ಇಟ್ಟ ಹೆಸರದು. ಊರವರ ಬಾಯಲ್ಲಿ ಅದು 'ಮರಳಿಂದ' ಆಗಿತ್ತು. ಎರಡನೇ ಮಹಾಯುದ್ಧ ಮುಗಿಯುವವರೆಗೂ ಆ ಹಡಗಿನ ತಳದಲ್ಲಿ, ಬಾಯ್ಲರಿನ ಪಕ್ಕ ಮಲಗಿ, ಸಿಪಾಯಿಗಳಿಗೆ ಬೇಯಿಸಿ ಹಾಕಿದ್ದ ಅಜ್ಜ. ಗೋಡೆಯ ಮೇಲೆ ಸಿಪಾಯಿಗಳಿದ್ದರು, ಕ್ಯಾಪ್ಟನ್ ಇದ್ದ, ಕ್ಯಾಪ್ಟನ್ನನ ನಾಯಿಯೂ ಇತ್ತು. ಅಜ್ಜ ಇರಲಿಲ್ಲ.

ವೇದಿಕೆಯಲ್ಲಿದ್ದ ಮುದುಕಿ ಲೋಟ ಎತ್ತಿ ಇಂಗ್ಲಿಷಿನಲ್ಲಿ ಕೂಗಿದಳು: "ಈ ಹಡಗಿನಲ್ಲಿ ಹೋದವರ ಮಕ್ಕಳು, ಮೊಮ್ಮಕ್ಕಳು ಎದ್ದು ನಿಂತು ಹೆಸರು ಹೇಳಿ!"

ಒಬ್ಬೊಬ್ಬರೇ ಎದ್ದರು. ಪ್ರಫುಲ್ಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಕಲ್ಲಯ್ಯಾ, ನಾನೂ ಹೋಗ್ತೇನೆ ಮಾರಾಯಾ."

"ಹೋಗಿ ಬಾ ಅಕ್ಕಾ. ಒಲಿ ನಾ ನೋಡ್ಕೋತೀನಿ."

ಎಪ್ರನ್ ಸಮೇತ ಪರದೆ ಸರಿಸಿ ಹಾಲ್ ನಡುವೆ ನಿಂತಳು. ಯಾರದೋ ಮೇಜಿನಿಂದ ತುಂಬಿದ ಲೋಟವೊಂದನ್ನು ಎತ್ತಿದಳು. ಬಂದಷ್ಟು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು: "ಮಲ್ಪೆಯ ಶೀನ. ನನ್ನ ಅಜ್ಜ. ನಿಮ್ಮ ಅಜ್ಜಂದಿರಿಗೆಲ್ಲ ಬಡಿಸಿದವನು. ಇವತ್ತು ನಿಮಗೆ ಬೇಯಿಸಿದವಳು ನಾನು."

ಮುದುಕಿ ವೇದಿಕೆಯಿಂದ ಇಳಿದು ಬಂದು, "ನಮ್ಮಪ್ಪ ಸಾಯೋವರೆಗೂ ಆ ಹಡಗಿನ ಸಾರಿನ ಮಾತೇ ಆಡ್ತಿದ್ದ!" ಎಂದು ಗಹಗಹಿಸಿ, ತನ್ನ ಪಕ್ಕದ ಕುರ್ಚಿ ಎಳೆದಳು. ಚಪ್ಪಾಳೆ ಬಿತ್ತು. ಪ್ರಫುಲ್ಲಾ ಕುಳಿತಳು.

ಟ್ರೇ ಹಿಡಿದ ಗೋಪೀನಾಥ ಬಗ್ಗಿ ಕನ್ನಡದಲ್ಲಿ ಬುಸುಗುಟ್ಟಿದ: "ಏಳೇ ದರಿದ್ರದವಳೇ! ನಾಳೆನೇ ಫ್ಲೈಟ್ ಹತ್ತಿಸ್ತೀನಿ."

"ನಾಳೆಯದ್ದು ನಾಳೆ ನೋಡುವ ಸಾರ್. ಈಗ ಹಸಿವಾಗ್ತಾ ಉಂಟು. ಬಡಿಸಿ."

ಅಷ್ಟರಲ್ಲಿ ಪರದೆ ಮತ್ತೆ ಸರಿಯಿತು. ಒದ್ದೆ ಕೈ ಒರೆಸಿಕೊಳ್ಳುತ್ತ ಕಲ್ಲಯ್ಯ ಬಂದ, ಅವನ ಹಿಂದೆ ಪಾತ್ರೆ ತೊಳೆಯುವವರೆಲ್ಲ ಬಂದರು. ಕಲ್ಲಯ್ಯ ಪ್ರಫುಲ್ಲಾಳ ಎದುರಿನ ಕುರ್ಚಿಯಲ್ಲಿ ಧಡಕ್ಕನೆ ಕುಳಿತು ಕೂಗಿದ:

"ಸಾಹೇಬ್ರ, ಈ ಕಡೀಗೂ ಒಂದ ತಾಟ ತರ್ರಿ!"