ಎದೆಯ ಬಳಿಯ ಕೆಂಪು ಹುರಿ

ನಾನು ಒಂದು ಕೆಂಪು ಹುರಿ. ಉದ್ದ ಹದಿನೈದು ಮೀಟರ್, ದಪ್ಪ ಕಿರುಬೆರಳಿನಷ್ಟೂ ಇಲ್ಲ. ಬಯಲುನಾಡಿನ ಒಂದು ಕಾರ್ಖಾನೆಯಲ್ಲಿ ಸುಡುಬೇಸಿಗೆಯಲ್ಲಿ ಹುಟ್ಟಿದೆ. ನನ್ನನ್ನು ಹೊಸೆದವರು ಯಾರೂ ಹಿಮ ಕಂಡವರಲ್ಲ. ಆದರೂ ನನ್ನ ಕೆಲಸ ಹಿಮದಲ್ಲೇ. ಬೆಟ್ಟದ ಇಳಿಜಾರು ದಾಟುವ ಸೈನಿಕ ನನ್ನ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿ, ಉಳಿದದ್ದನ್ನು ಹಿಂದೆ ಎಳೆದುಕೊಂಡು ನಡೆಯಬೇಕು. ಹಿಮ ಕುಸಿದು ಅವನನ್ನು ಹೂತರೂ ಹಗುರಾದ ನಾನು ಎಲ್ಲೋ ಒಂದು ಕಡೆ ಮೇಲೆ ಕಾಣುತ್ತೇನೆ. ನನ್ನನ್ನು ಹಿಡಿದು ಅಗೆದರೆ ಅವನು ಸಿಗುತ್ತಾನೆ. ಇಷ್ಟೇ ನನ್ನ ವಿದ್ಯೆ.

ಮೊದಲು ಗೋಕಾಕ ಕಡೆಯ ಹವಾಲ್ದಾರ ದುಂಡಪ್ಪನ ಸೊಂಟ ಸೇರಿದೆ. ಐದು ಚಳಿಗಾಲ ಅವನ ಹಿಂದೆ ತೆವಳಿದೆ. ಒಮ್ಮೆಯೂ ಹಿಮ ಕುಸಿಯಲಿಲ್ಲ. ಬೂಟಿನ ತುಳಿತ ತಿಂದು, ಕಲ್ಲಿಗೆ ಸಿಕ್ಕಿ, ನೆಂದು ಮರಗಟ್ಟಿ, ಇದೆಂಥ ಬಾಳು ಎಂದು ಗೊಣಗುತ್ತಿದ್ದೆ. ನಾಯಿಯ ಬಾಲಕ್ಕಾದರೂ ಅಲ್ಲಾಡುವ ಮರ್ಯಾದೆ ಇರುತ್ತದೆ, ನನಗೆ ಅದೂ ಇರಲಿಲ್ಲ.

ಆರನೆಯ ವರ್ಷ ದುಂಡಪ್ಪ ಹೊಸ ಹುರಿ ಪಡೆದು, ನನ್ನನ್ನು ಸಿಪಾಯಿ ಬನಪ್ಪನಿಗೆ ಕೊಟ್ಟ. ಬನಪ್ಪ ಗುಳೇದಗುಡ್ಡದ ನೇಕಾರರ ಮನೆಯವನು. ಅವರಲ್ಲಿ ನೂಲು ತುಳಿಯುವಂತಿಲ್ಲ. ಕಾಲಿಗೆ ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಂಥವನಿಗೆ ನನ್ನನ್ನು ನೆಲದ ಮೇಲೆ ಎಳೆಯುವುದೆಂದರೆ ಜೀವ ಹಿಂಡಿದ ಹಾಗಾಗುತ್ತಿತ್ತು. ಹವಾಲ್ದಾರನ ಕಣ್ಣು ತಪ್ಪಿದೊಡನೆ ನನ್ನನ್ನು ಹೆಬ್ಬೆರಳಿಗೂ ಮೊಣಕೈಗೂ ಸುತ್ತಿ, ಲಡಿ ಮಾಡಿ, ಕೋಟಿನೊಳಗೆ ಎದೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದ. ನಿಜ ಹೇಳುತ್ತೇನೆ, ನನಗೆ ಹಿತವಾಗಿತ್ತು. ಹುಟ್ಟಿದ ಮೇಲೆ ಮೊದಲ ಸಲ ಬೆಚ್ಚಗಿದ್ದೆ.

ದುಂಡಪ್ಪ ಎರಡು ಸಲ ಇದನ್ನು ಕಂಡುಹಿಡಿದ. ಎರಡನೆಯ ಸಲ ಬೈಯಲಿಲ್ಲ, ಹತ್ತಿರ ಕರೆದು ಹೇಳಿದ: "ತಮ್ಮಾ, ಹಿಂದ ಬಿದ್ದಿದ್ದರ ಅದು ಹುರಿ. ಕಿಸೆದಾಗಿದ್ದರ ಬರೇ ಭಾರ."

ಬನಪ್ಪ ತಲೆಯಾಡಿಸಿ ಬಿಚ್ಚಿದ. ತಿರುವು ದಾಟಿದ ಮೇಲೆ ಮತ್ತೆ ಸುತ್ತಿದ.

ಆ ಜನವರಿಯಲ್ಲಿ ಮೂರು ದಿನ ಹಿಮದ ಬಿರುಗಾಳಿ ಬೀಸಿತು. ನಾಲ್ಕನೆಯ ದಿನ ಬಿಸಿಲು ಬಂತು. ಇಂಥ ದಿನವೇ ಕೆಟ್ಟದ್ದು, ಹೊಸ ಹಿಮ ಇನ್ನೂ ಹಳೆಯದಕ್ಕೆ ಕಚ್ಚಿಕೊಂಡಿಲ್ಲ, ಎರಡು ದಿನ ಕಾಯಬೇಕು ಎಂದ ದುಂಡಪ್ಪ. ಆದರೆ ಇಳಿಜಾರಿನಾಚೆ, ಮೇಲಿನ ಸೇನಾ ಠಾಣೆಯ ಅಡುಗೆಯವನ ಎದೆಯಲ್ಲಿ ನೀರು ತುಂಬಿತ್ತು. ಅವನಿಗೆ ಆಕ್ಸಿಜನ್ ಬೇಕಿತ್ತು. ಐವರು ಹೊರಟರು. ಒಬ್ಬ ಪೂರ್ತಿ ದಾಟಿದ ಮೇಲೆಯೇ ಇನ್ನೊಬ್ಬ ಇಳಿಜಾರಿಗೆ ಕಾಲಿಡಬೇಕೆಂದು ದುಂಡಪ್ಪ ಕಟ್ಟುನಿಟ್ಟು ಮಾಡಿ ತಾನೇ ಮೊದಲು ದಾಟಿದ.

ಮೂರನೆಯವನು ಬನಪ್ಪ. ಬೆನ್ನ ಮೇಲೆ ಸಿಲಿಂಡರ್. ನಡುವೆ ಒಂದು ಬಂಡೆಯ ಮರೆ ಬಂತು. ಅಲ್ಲಿ ನಿಂತು, ಅಭ್ಯಾಸದಂತೆ ನನ್ನನ್ನು ಸುತ್ತಿ ಒಳಗಿಟ್ಟ. ಬಂಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿರಬೇಕು, ಮೇಲಿನ ಹಿಮ ಬಿರಿದು ಇಡೀ ಇಳಿಜಾರು ಕೆಳಗೆ ಹರಿಯಿತು.

ಮೇಲೆ ದುಂಡಪ್ಪ ಓಡಾಡುವುದು ಕೇಳುತ್ತಿತ್ತು. "ಕೆಂಪು ನೋಡ್ರಿ, ಕೆಂಪು ಎಲ್ಲೈತಿ ನೋಡ್ರಿ" ಎನ್ನುತ್ತಿದ್ದ. ನಾನು ಮೂರು ಮೊಳ ಕೆಳಗೆ ಬನಪ್ಪನ ಎದೆಗಂಟಿಕೊಂಡಿದ್ದೆ. ಅವನ ಎದೆಬಡಿತ ನನಗೆ ತಟ್ಟುತ್ತಿತ್ತು. ಅವನ ಕೈ ಅಲುಗಲಿಲ್ಲ. ನನಗೆ ನಾನೇ ಬಿಚ್ಚಿಕೊಳ್ಳಲು ಬರುವುದಿಲ್ಲ. ಉದ್ದನೆಯ ಸಲಾಕೆಗಳಿಂದ ಚುಚ್ಚಿ ಚುಚ್ಚಿ ಅವನನ್ನು ಹುಡುಕುವಷ್ಟರಲ್ಲಿ ಒಂದು ತಾಸು ದಾಟಿತ್ತು. ಬಡಿತ ಅದಕ್ಕೂ ಮೊದಲೇ ನಿಂತಿತ್ತು. ಸಿಲಿಂಡರನ್ನು ಉಳಿದವರು ಮೇಲಕ್ಕೊಯ್ದರು. ಅಡುಗೆಯವನು ಬದುಕಿದ.

ಬನಪ್ಪನ ಪೆಟ್ಟಿಗೆ ತೆಗೆದುಕೊಂಡು ದುಂಡಪ್ಪನೇ ಗುಳೇದಗುಡ್ಡಕ್ಕೆ ಬಂದ. ಬಟ್ಟೆಗಳ ನಡುವೆ ನಾನೂ ಇದ್ದೆ, ಸುತ್ತಿದ್ದು ಸುತ್ತಿದ ಹಾಗೆಯೇ. ಬನಪ್ಪನ ತಾಯಿ ನೀಲವ್ವ ನನ್ನನ್ನೆತ್ತಿ ತಿರುಗಿಸಿ ನೋಡಿದಳು.

"ಇದು ಅವನ ಕೈದೇ. ಒಂದ ಎಳಿ ಸಡ್ಲ ಇಲ್ಲ" ಎಂದಳು. ಆಮೇಲೆ ಕೇಳಿದಳು: "ಇದು ಯಾತಕ್ಕ ಬರತೈತ್ರಿ?"

ದುಂಡಪ್ಪ ಉಳಿದ ಬಟ್ಟೆಗಳನ್ನು ಮತ್ತೆ ಪೆಟ್ಟಿಗೆಯೊಳಗೆ ಮಡಚಿಡತೊಡಗಿದ.

"ಸಾಮಾನು ಕಟ್ಟಾಕ, ಅವ್ವಾ."

ಈಗ ನಾನು ಮಗ್ಗದ ಪಕ್ಕದ ಗೂಡಿನಲ್ಲಿದ್ದೇನೆ. ಬಣ್ಣ ಮಾಸಿದೆ. ಆ ಸುಳ್ಳಿಗಾಗಿ ದುಂಡಪ್ಪನ ಮೇಲೆ ಬಹಳ ದಿನ ಸಿಟ್ಟಿತ್ತು. ಈಗ ಇಲ್ಲ. ಅವನ ಜಾಗದಲ್ಲಿ ನಿಂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಆ ಎದೆಯ ಬಳಿ ಬೆಚ್ಚಗಿರಲು ಆಸೆಪಟ್ಟ ತಪ್ಪು ನನ್ನದೂ ಅಲ್ಲವೇ.

ನೀಲವ್ವನ ಮೊಮ್ಮಗಳು ನೂಲು ಸುತ್ತಲು ಕಲಿಯುತ್ತಿದ್ದಾಳೆ. ಅವಳ ಲಡಿ ಸಡಿಲವಾದಾಗಲೆಲ್ಲ ನೀಲವ್ವ ಗೂಡಿನಿಂದ ನನ್ನನ್ನು ತೆಗೆದು ಅವಳ ಕೈಗಿಡುತ್ತಾಳೆ.

"ನಿಮ್ಮ ಕಾಕಾ ಸುತ್ತಿದ್ದು ನೋಡವಾ. ಹಿಂಗ ಸುತ್ತಬೇಕು."